ಎಸೆದವರ ಹೆಸರು, ಹಿಡಿದವರ ಕೈ: ಟೆಕ್ಸಾಸ್ ಕಾಲೇಜು ಬೇಸ್‌ಬಾಲ್‌ನಿಂದ ಒಂದು ಪಾಠ

ನಮ್ಮ ಕ್ಯಾಂಪಸ್‌ನಲ್ಲಿ ಕ್ರಿಕೆಟ್ ಬಗ್ಗೆ ಯಾರಿಗೂ ಪಾಠ ಹೇಳಬೇಕಿಲ್ಲ. ಬೇಸ್‌ಬಾಲ್ ಅಂದರೆ ಮಾತ್ರ ನಮ್ಮಲ್ಲಿ ಬಹುತೇಕರಿಗೆ ಸಿನಿಮಾದಲ್ಲಿ ಕಂಡ ಟೋಪಿ, ದಪ್ಪ ಗ್ಲೌಸ್, ದುಂಡನೆ ಬ್ಯಾಟ್, ಅಷ್ಟೇ. ಆದರೆ ಲೆಕ್ಕ ಇಷ್ಟಪಡುವವರಿಗೆ ಇದಕ್ಕಿಂತ ಒಳ್ಳೆಯ ಆಟ ಸಿಗುವುದು ಕಷ್ಟ. ನೂರು ವರ್ಷದ ಹಿಂದಿನ ಪಂದ್ಯದ ಅಂಕಪಟ್ಟಿ ಸಿಕ್ಕರೂ ಯಾರು ಏನು ಮಾಡಿದರು ಅಂತ ಸುಮಾರಾಗಿ ಬಿಡಿಸಿ ನೋಡಬಹುದು. ಈ ಸಲ ನಾವು ಒಂದೇ ಒಂದು ಕಾಲೇಜು ತಂಡವನ್ನು ಆರಿಸಿಕೊಂಡಿದ್ದೇವೆ: ಅಮೆರಿಕದ ಆಸ್ಟಿನ್ ನಗರದಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ಲಾಂಗ್‌ಹಾರ್ನ್ಸ್ ತಂಡ. 1949, 1950, 1975, 1983, 2002 ಮತ್ತು 2005, ಹೀಗೆ ಆರು ಬಾರಿ ರಾಷ್ಟ್ರೀಯ ಕಾಲೇಜು ಪಟ್ಟ ಗೆದ್ದ ತಂಡ ಇದು.

ಬ್ಯಾಟಿಂಗ್ ವಿಷಯ ಇವತ್ತು ಬಿಡೋಣ. ಚೆಂಡು ಎಸೆಯುವವರು ಮತ್ತು ಹಿಡಿಯುವವರು, ಇವರಿಬ್ಬರ ಸಾಧನೆಯನ್ನು ನೋಡೋಣ. ನೋಡುತ್ತಾ ಒಂದು ಪ್ರಶ್ನೆಯನ್ನು ಜೊತೆಗಿಟ್ಟುಕೊಳ್ಳೋಣ: ದಾಖಲೆ ಪುಸ್ತಕದಲ್ಲಿ ಒಬ್ಬನ ಹೆಸರಿನ ಮುಂದೆ ಒಂದು ಸಂಖ್ಯೆ ಬರೆದಾಗ, ಆ ಸಂಖ್ಯೆಯಲ್ಲಿ ಅವನ ಪಾಲು ಎಷ್ಟು, ಉಳಿದವರ ಪಾಲು ಎಷ್ಟು? ಅದಕ್ಕೆ ಕೊಟ್ಟ ಬೆಲೆ ಯಾರದು?

ಮೊದಲು ಸ್ವಲ್ಪ ವ್ಯಾಕರಣ

ಒಂದು ಪಂದ್ಯಕ್ಕೆ 9 ಇನಿಂಗ್ಸ್. ಪ್ರತಿ ಇನಿಂಗ್ಸ್‌ನಲ್ಲಿ ಪ್ರತಿ ತಂಡಕ್ಕೆ 3 ಔಟ್. ಅಂದರೆ ಎದುರಾಳಿಯ 27 ಔಟ್ ಪಡೆಯುವುದು ಎಸೆಯುವ ತಂಡದ ಕೆಲಸ. 9 ಇನಿಂಗ್ಸ್ ಆದಮೇಲೂ ಸಮಬಲವಾದರೆ ಒಬ್ಬರು ಗೆಲ್ಲುವ ತನಕ ಆಟ ನಡೆಯುತ್ತಲೇ ಇರುತ್ತದೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಪಿಚರ್ ಅಂದರೆ ನಮ್ಮ ಬೌಲರ್ ಇದ್ದಂತೆ. ಅವನು 18.44 ಮೀಟರ್ ದೂರದಿಂದ, ನೆಲಕ್ಕೆ ಪುಟಿಸದೆ, ನೇರವಾಗಿ ಎಸೆಯುತ್ತಾನೆ. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್. ಇದಕ್ಕೆ ಸ್ಟ್ರೈಕ್‌ಔಟ್ ಅನ್ನುತ್ತಾರೆ, ಫೀಲ್ಡರ್‌ಗಳ ನೆರವು ಬೇಕಿಲ್ಲ. ಗುರಿ ತಪ್ಪಿದ ನಾಲ್ಕು ಎಸೆತ ಬಿದ್ದರೆ ಬ್ಯಾಟರ್‌ಗೆ ಪುಕ್ಕಟೆಯಾಗಿ ಮೊದಲ ಬೇಸ್, ಅದು ವಾಕ್. ಬ್ಯಾಟರ್ ಚೆಂಡನ್ನು ಮೈದಾನದೊಳಗೆ ಹೊಡೆದರೆ ಓಡಲೇಬೇಕು, ನಮ್ಮಲ್ಲಿಯ ಹಾಗೆ ನಿಂತುಕೊಳ್ಳುವಂತಿಲ್ಲ. ಅಲ್ಲಿಂದ ಕೆಲಸ ಫೀಲ್ಡರ್‌ಗಳದು.

ಇಡೀ ಪಂದ್ಯದಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದಿದ್ದರೆ ಅದು ನೋ-ಹಿಟರ್. ಹಿಟ್ ಇಲ್ಲ, ವಾಕ್ ಇಲ್ಲ, ಎರರ್ ಇಲ್ಲ, ಒಬ್ಬನೂ ಬೇಸ್ ಮುಟ್ಟಲಿಲ್ಲ ಅಂದರೆ ಅದು ಪರ್ಫೆಕ್ಟ್ ಗೇಮ್. ಇಷ್ಟು ತಿಳಿದರೆ ಸಾಕು, ಉಳಿದದ್ದು ಓದುತ್ತಾ ಓದುತ್ತಾ ಗೊತ್ತಾಗುತ್ತದೆ.

ಮೇಕೆ ಗುಡ್ಡದ ಮೈದಾನ

ಟೆಕ್ಸಾಸ್ ತಂಡದ ಹಳೆಯ ಮೈದಾನದ ಹೆಸರು ಕ್ಲಾರ್ಕ್ ಫೀಲ್ಡ್. 1928ರಿಂದ 1974ರವರೆಗೆ ಅಲ್ಲೇ ಆಟ. ಈ ಮೈದಾನದ ವಿಚಿತ್ರ ಅಂದರೆ ಸೆಂಟರ್ ಫೀಲ್ಡ್ ಕಡೆ ಆಟದ ಜಾಗದೊಳಗೇ ಒಂದು ಸುಣ್ಣಕಲ್ಲಿನ ದಿಬ್ಬ ಇತ್ತು. ಎತ್ತರ ಕೆಲವು ಕಡೆ 12 ಅಡಿ, ಕೆಲವು ಕಡೆ 30 ಅಡಿಯಷ್ಟು. ಜನ ಅದನ್ನು ಬಿಲ್ಲಿ ಗೋಟ್ ಹಿಲ್ ಅಂತ ಕರೆದರು, ಅಂದರೆ ಹೋತದ ಗುಡ್ಡ. ಹೆಸರಿಗೆ ತಕ್ಕಂತೆ ಅದನ್ನು ಹತ್ತಲು ಒಂದು ಕಾಲುದಾರಿಯೂ ಇತ್ತು. ಚೆಂಡು ದಿಬ್ಬದ ಮೇಲೆ ಬಿದ್ದರೆ ಅದು ಬೌಂಡರಿ ಅಲ್ಲ, ಆಟ ಮುಂದುವರಿಯುತ್ತಿತ್ತು. ಫೀಲ್ಡರ್ ಗುಡ್ಡ ಹತ್ತಿ ಚೆಂಡು ಹುಡುಕಿ ಕೆಳಗೆ ಎಸೆಯಬೇಕು. ಅಷ್ಟರಲ್ಲಿ ಬ್ಯಾಟರ್ ನಾಲ್ಕೂ ಬೇಸ್ ಸುತ್ತಿ ಮನೆ ಸೇರಿರುತ್ತಿದ್ದ. 1929ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ ಇಲ್ಲಿ ಪ್ರದರ್ಶನ ಪಂದ್ಯ ಆಡಿದಾಗ ಲೂ ಗೆರಿಗ್ ಹೊಡೆದ ಹೋಮ್ ರನ್ ಬಗ್ಗೆ ಆಸ್ಟಿನ್‌ನಲ್ಲಿ ಇಂದಿಗೂ ಮಾತಾಡುತ್ತಾರೆ.

ಈಗ ಯೋಚಿಸಿ. ಇಂಥ ಮೈದಾನದಲ್ಲಿ ದಿನವೂ ಅಭ್ಯಾಸ ಮಾಡುವವನಿಗೆ ಯಾವ ಕಲ್ಲಿನ ಮೇಲೆ ಕಾಲಿಡಬೇಕು, ಬಂಡೆಗೆ ಬಡಿದ ಚೆಂಡು ಯಾವ ಕಡೆ ಚಿಮ್ಮುತ್ತದೆ ಅಂತ ಗೊತ್ತು. ಹೊರಗಿನಿಂದ ಬಂದ ತಂಡಕ್ಕೆ ಗೊತ್ತಿಲ್ಲ. ಆ ಜ್ಞಾನಕ್ಕೆ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ. ಬೇಗ ಗುಡ್ಡ ಹತ್ತಿ ಚೆಂಡು ಎಸೆದು ಮೂರು ಬೇಸ್‌ಗೆ ನಿಲ್ಲಿಸಿದರೆ ಪುಸ್ತಕದಲ್ಲಿ ಬರುವುದು ಬ್ಯಾಟರ್‌ನ ಹಿಟ್ ಮಾತ್ರ. ಉಳಿಸಿದ ಒಂದು ಓಟ ಎಲ್ಲೂ ಕಾಣುವುದಿಲ್ಲ. ಫೀಲ್ಡಿಂಗ್‌ನ ಮೊದಲ ಪಾಠ ಇದೇ: ಆಗದೇ ಇದ್ದದ್ದನ್ನು ಯಾರೂ ಬರೆದಿಡುವುದಿಲ್ಲ.

1911ರಿಂದ 1939ರವರೆಗೆ ಕೋಚ್ ಆಗಿದ್ದವರು ಬಿಲ್ಲಿ ಡಿಶ್. ಅವರ ನಂತರ ಬಂದವರು ಅವರ ಬಳಿಯೇ ಆಡಿದ್ದ ಬಿಬ್ ಫಾಕ್. ಶಿಕಾಗೊ ವೈಟ್ ಸಾಕ್ಸ್‌ನ ಪ್ರಸಿದ್ಧ ಆಟಗಾರ ಷೂಲೆಸ್ ಜೋ ಜಾಕ್ಸನ್ ನಿಷೇಧಕ್ಕೆ ಒಳಗಾದಾಗ ಆ ಖಾಲಿ ಜಾಗದಲ್ಲಿ, ಲೆಫ್ಟ್ ಫೀಲ್ಡ್‌ನಲ್ಲಿ, ನಿಂತವರು ಇವರೇ. 1975ರಲ್ಲಿ ಹೊಸ ಮೈದಾನ ತೆರೆದಾಗ ಇಬ್ಬರ ಹೆಸರನ್ನೂ ಸೇರಿಸಿ ಡಿಶ್-ಫಾಕ್ ಫೀಲ್ಡ್ ಅಂತ ಕರೆದರು. ಅಲ್ಲಿ ಕೃತಕ ಹುಲ್ಲು, ಸಮತಟ್ಟು ನೆಲ. ಮೇಕೆ ಗುಡ್ಡದ ಕೌಶಲ ಒಂದೇ ವರ್ಷದಲ್ಲಿ ಬೆಲೆ ಕಳೆದುಕೊಂಡಿತು, ವೇಗವಾಗಿ ಬರುವ ನೆಲಚೆಂಡನ್ನು ಹಿಡಿಯುವ ಕೌಶಲಕ್ಕೆ ಬೆಲೆ ಬಂತು. ಹೊಸ ಪ್ಲಾಟ್‌ಫಾರ್ಮ್ ಬಂದಾಗ ಹಳೆಯ ಕೋಡಿಂಗ್ ಭಾಷೆಗೆ ಆಗುವುದೂ ಇದೇ ಅಲ್ಲವೇ?

1950: ಓಮಾಹಾದಲ್ಲಿ ಒಂದೂ ಹಿಟ್ ಇಲ್ಲ

ಕಾಲೇಜು ಬೇಸ್‌ಬಾಲ್‌ನ ಅಂತಿಮ ಸುತ್ತಿಗೆ ಕಾಲೇಜ್ ವರ್ಲ್ಡ್ ಸೀರೀಸ್ ಅನ್ನುತ್ತಾರೆ. 1950ರಲ್ಲಿ ಅದು ಮೊದಲ ಬಾರಿ ನೆಬ್ರಾಸ್ಕದ ಓಮಾಹಾ ನಗರಕ್ಕೆ ಬಂತು, ಇವತ್ತಿಗೂ ಅಲ್ಲೇ ನಡೆಯುತ್ತಿದೆ. ಆ ಮೊದಲ ವರ್ಷವೇ ಟೆಕ್ಸಾಸ್‌ನ ಜಿಮ್ ಎರ್ಲರ್ ಟಫ್ಟ್ಸ್ ತಂಡದ ವಿರುದ್ಧ ನೋ-ಹಿಟರ್ ಎಸೆದರು. ಫಲಿತಾಂಶ 7-0. ಈ ಟೂರ್ನಿಯ ಇತಿಹಾಸದಲ್ಲಿ ಅದೇ ಮೊದಲನೆಯದು. ಕೊನೆಗೆ ವಾಷಿಂಗ್ಟನ್ ಸ್ಟೇಟ್ ತಂಡವನ್ನು 3-0ರಿಂದ ಸೋಲಿಸಿ ಟೆಕ್ಸಾಸ್ ಸತತ ಎರಡನೇ ಪಟ್ಟ ಗೆದ್ದಿತು.

ಎರಡನೇ ನೋ-ಹಿಟರ್ ಬಂದದ್ದು 1960ರಲ್ಲಿ, ಒಕ್ಲಹೋಮ ಸ್ಟೇಟ್‌ನ ಜಿಮ್ ವಿಕ್ಸನ್ ಅವರಿಂದ. ಆಮೇಲೆ 65 ವರ್ಷ ಒಂದೂ ಇಲ್ಲ. 2025ರ ಜೂನ್‌ನಲ್ಲಿ ಅರ್ಕನ್ಸಾ ತಂಡದ ಗೇಜ್ ವುಡ್ ಮರೀ ಸ್ಟೇಟ್ ವಿರುದ್ಧ ಮೂರನೆಯದನ್ನು ಎಸೆದರು, 19 ಸ್ಟ್ರೈಕ್‌ಔಟ್‌ಗಳ ಜೊತೆಗೆ.

ಇಷ್ಟು ಅಪರೂಪ ಯಾಕೆ? ಪೆನ್ನು ಹಿಡಿಯೋಣ. ಬ್ಯಾಟಿಗೆ ಸಿಕ್ಕಿ ಮೈದಾನದೊಳಗೆ ಬಂದ ಚೆಂಡು ಹಿಟ್ ಆಗುವ ಸಂಭವನೀಯತೆ 0.3 ಅಂತ ಇಟ್ಟುಕೊಳ್ಳಿ. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಬಹುಕಾಲದಿಂದ ಕಾಣುವ ಅಂದಾಜು ಇದು. ಹಾಗಾದರೆ ಫೀಲ್ಡರ್‌ಗಳು ಔಟ್ ಮಾಡುವ ಸಂಭವನೀಯತೆ 0.7. ವಾಕ್, ಎರರ್, ಹೋಮ್ ರನ್ ಎಲ್ಲವನ್ನೂ ಸದ್ಯಕ್ಕೆ ಮರೆಯೋಣ. 27 ಔಟ್‌ಗಳಲ್ಲಿ ಸ್ಟ್ರೈಕ್‌ಔಟ್ ಎಷ್ಟು ಅನ್ನುವುದರ ಮೇಲೆ ಉತ್ತರ ಹೀಗೆ ಬದಲಾಗುತ್ತದೆ:

ಸ್ಟ್ರೈಕ್‌ಔಟ್ 0 ಆದರೆ, 27 ಚೆಂಡು ಫೀಲ್ಡರ್‌ಗಳ ಪಾಲು. 0.7ರ 27ನೇ ಘಾತ, ಅಂದರೆ ಸುಮಾರು 15,000ಕ್ಕೆ ಒಂದು.
ಸ್ಟ್ರೈಕ್‌ಔಟ್ 9 ಆದರೆ, 18 ಚೆಂಡು ಫೀಲ್ಡರ್‌ಗಳ ಪಾಲು. ಸುಮಾರು 600ಕ್ಕೆ ಒಂದು.
ಸ್ಟ್ರೈಕ್‌ಔಟ್ 14 ಆದರೆ, 13 ಚೆಂಡು ಫೀಲ್ಡರ್‌ಗಳ ಪಾಲು. ಸುಮಾರು 100ಕ್ಕೆ ಒಂದು.
ಸ್ಟ್ರೈಕ್‌ಔಟ್ 19 ಆದರೆ, 8 ಚೆಂಡು ಫೀಲ್ಡರ್‌ಗಳ ಪಾಲು. ಸುಮಾರು 17ಕ್ಕೆ ಒಂದು.

ನೋಡಿದಿರಾ? ಸ್ಟ್ರೈಕ್‌ಔಟ್ ಹೆಚ್ಚಾದಂತೆ ನೋ-ಹಿಟರ್ ಪಿಚರ್‌ನ ಕೈಗೆ ಬರುತ್ತಾ ಹೋಗುತ್ತದೆ. ಕಡಿಮೆಯಾದಂತೆ ಅದು ಬೆನ್ನ ಹಿಂದೆ ನಿಂತ ಫೀಲ್ಡರ್‌ಗಳ ಸಾಧನೆಯಾಗುತ್ತದೆ. ಎರಡಕ್ಕೂ ಪುಸ್ತಕದಲ್ಲಿ ಒಂದೇ ಹೆಸರು, ಒಂದೇ ಸಾಲು. ಅಳತೆ ಒಂದೇ ಇದ್ದರೂ ಅಳೆದದ್ದು ಒಂದೇ ಅಲ್ಲ.

ಬರ್ಟ್ ಹೂಟನ್ ಮತ್ತು ಕೆಳಗಿಳಿಯುವ ಚೆಂಡು

1969ರಿಂದ 1971ರವರೆಗೆ ಟೆಕ್ಸಾಸ್‌ಗೆ ಎಸೆದ ಬರ್ಟ್ ಹೂಟನ್ ಅವರ ಲೆಕ್ಕ ನೋಡಿ: 35 ಗೆಲುವು, 3 ಸೋಲು. ಇ.ಆರ್.ಎ. 1.14. ಇ.ಆರ್.ಎ. ಅಂದರೆ ಪಿಚರ್ ತನ್ನ ಹೊಣೆಯಿಂದ ಬಿಟ್ಟುಕೊಟ್ಟ ಓಟಗಳನ್ನು 9 ಇನಿಂಗ್ಸ್‌ಗೆ ಲೆಕ್ಕ ಹಾಕಿದ ಸರಾಸರಿ. ಇಡೀ ಪಂದ್ಯ ಎಸೆದರೆ ಎದುರಾಳಿಗೆ ಸಿಗುತ್ತಿದ್ದದ್ದು ಒಂದು ಓಟಕ್ಕಿಂತ ಚೂರು ಹೆಚ್ಚು, ಅಷ್ಟೇ.

ಅವರ ಅಸ್ತ್ರ ನಕಲ್ ಕರ್ವ್. ಸಾಮಾನ್ಯ ವೇಗದ ಎಸೆತದಲ್ಲಿ ಚೆಂಡು ಹಿಮ್ಮುಖವಾಗಿ ತಿರುಗುತ್ತಾ ಹೋಗುತ್ತದೆ. ಮ್ಯಾಗ್ನಸ್ ಪರಿಣಾಮ ಅದನ್ನು ಮೇಲಕ್ಕೆ ತಳ್ಳುತ್ತದೆ, ಗುರುತ್ವದ ಎಳೆತ ಸ್ವಲ್ಪ ತಗ್ಗುತ್ತದೆ. ಕರ್ವ್‌ನಲ್ಲಿ ಚೆಂಡು ಮುಮ್ಮುಖವಾಗಿ ತಿರುಗುತ್ತದೆ, ಅದೇ ಬಲ ಕೆಳಕ್ಕೆ. ಗುರುತ್ವ ಮತ್ತು ಮ್ಯಾಗ್ನಸ್ ಎರಡೂ ಸೇರಿದರೆ ಚೆಂಡು ಬ್ಯಾಟರ್ ಮುಂದೆ ಮೇಜಿನ ಅಂಚಿನಿಂದ ಬಿದ್ದ ಹಾಗೆ ಇಳಿಯುತ್ತದೆ. ಹೂಟನ್ ಬೆರಳ ಗಿಣ್ಣನ್ನು ಚೆಂಡಿಗೆ ಒತ್ತಿ ಹಿಡಿದು, ಬಿಡುವ ಕ್ಷಣದಲ್ಲಿ ಬೆರಳು ಚಾಚಿ ಈ ಮುಮ್ಮುಖ ತಿರುಗುವಿಕೆ ಕೊಡುತ್ತಿದ್ದರು.

ಬ್ಯಾಟರ್ ಕಷ್ಟವನ್ನೂ ಅಳೆಯಿರಿ. ಪಿಚರ್ ಕೈ ಮುಂದಕ್ಕೆ ಚಾಚಿ ಬಿಡುವುದರಿಂದ ನಿಜವಾದ ದೂರ ಸುಮಾರು 17 ಮೀಟರ್. ಗಂಟೆಗೆ 145 ಕಿ.ಮೀ. ಅಂದರೆ ಸೆಕೆಂಡಿಗೆ 40 ಮೀಟರ್. ಭಾಗಿಸಿದರೆ 0.42 ಸೆಕೆಂಡ್. ಬ್ಯಾಟ್ ಬೀಸುವುದಕ್ಕೇ ಅದರಲ್ಲಿ ಒಂದು ಪಾಲು ಹೋಗುತ್ತದೆ. ಉಳಿದದ್ದರಲ್ಲಿ ನೋಡಬೇಕು, ಗುರುತಿಸಬೇಕು, ತೀರ್ಮಾನಿಸಬೇಕು. ಚೆಂಡು ಇಳಿಯುವುದು ಕಾಣುವ ಹೊತ್ತಿಗೆ ತೀರ್ಮಾನ ಆಗಿಬಿಟ್ಟಿರುತ್ತದೆ. ಹೂಟನ್ ಅವರ ಚೆಂಡು ಕಾಲೇಜಿಗಷ್ಟೇ ಸೀಮಿತವಾಗಲಿಲ್ಲ. 1972ರ ಏಪ್ರಿಲ್‌ನಲ್ಲಿ ಶಿಕಾಗೊ ಕಬ್ಸ್ ಪರ, ಮೇಜರ್ ಲೀಗ್‌ನಲ್ಲಿ ಇನ್ನೂ ನಾಲ್ಕನೇ ಪಂದ್ಯ ಆಡುತ್ತಿದ್ದಾಗಲೇ ಅವರು ನೋ-ಹಿಟರ್ ಎಸೆದರು.

ಬ್ಯಾಟ್ ಬದಲಾದಾಗ

ಹೂಟನ್ ಎಸೆದದ್ದು ಮರದ ಬ್ಯಾಟಿಗೆ. 1974ರಲ್ಲಿ ಕಾಲೇಜು ಬೇಸ್‌ಬಾಲ್‌ಗೆ ಅಲ್ಯೂಮಿನಿಯಂ ಬ್ಯಾಟ್ ಬಂತು. ಟೊಳ್ಳು ಲೋಹದ ಕೊಳವೆ ಚೆಂಡು ಬಡಿದಾಗ ಸ್ವಲ್ಪ ಒಳಗೆ ಬಾಗಿ ಸ್ಪ್ರಿಂಗ್ ತರಹ ಮರಳುತ್ತದೆ, ಶಕ್ತಿ ಕಡಿಮೆ ನಷ್ಟವಾಗುತ್ತದೆ. ಹಗುರ ಆದ್ದರಿಂದ ಬೀಸುವ ವೇಗವೂ ಹೆಚ್ಚು. ಮುಂದೆ ಇದು ಅತಿಯಾಗಿ, 2011ರಿಂದ ಬ್ಯಾಟಿನ ಪುಟಿಯುವ ಗುಣಕ್ಕೆ ಕಟ್ಟುನಿಟ್ಟಾದ ಮಿತಿ ಹಾಕಿದರು.

ಆದ್ದರಿಂದ 1971ರ ಇ.ಆರ್.ಎ. ಮತ್ತು 1986ರ ಇ.ಆರ್.ಎ. ಅಕ್ಕಪಕ್ಕ ಇಟ್ಟು ಯಾರು ದೊಡ್ಡವರು ಅಂತ ಕೇಳುವುದು ಎರಡು ಬೇರೆ ಉಪಕರಣದ ರೀಡಿಂಗ್‌ಗಳನ್ನು ಕ್ಯಾಲಿಬ್ರೇಷನ್ ಇಲ್ಲದೆ ಹೋಲಿಸಿದಂತೆ. ಲೋಹದ ಬ್ಯಾಟಿನ ಕಾಲದಲ್ಲೂ ಟೆಕ್ಸಾಸ್ ಪಿಚರ್‌ಗಳು ಬಗ್ಗಲಿಲ್ಲ ಅನ್ನುವುದು ಬೇರೆ ಮಾತು. 1973ರಿಂದ 76ರವರೆಗೆ ಆಡಿದ ರಿಚರ್ಡ್ ವೋರ್ಥಮ್ 50 ಪಂದ್ಯ ಗೆದ್ದರು. 1983ರ ಫೈನಲ್‌ನಲ್ಲಿ ರೋಜರ್ ಕ್ಲೆಮೆನ್ಸ್ ಅಲಬಾಮಾ ವಿರುದ್ಧ ಇಡೀ ಪಂದ್ಯ ಎಸೆದು 4-3ರಿಂದ ಗೆಲ್ಲಿಸಿದರು. ಟೂರ್ನಿಯ ಅತ್ಯುತ್ತಮ ಆಟಗಾರ ಪ್ರಶಸ್ತಿ ಮಾತ್ರ ಅದೇ ತಂಡದ ಇನ್ನೊಬ್ಬ ಪಿಚರ್ ಕ್ಯಾಲ್ವಿನ್ ಶಿರಾಲ್ಡಿಗೆ ಹೋಯಿತು. 1984ರಿಂದ 86ರವರೆಗೆ ಮೂರೇ ವರ್ಷದಲ್ಲಿ ಗ್ರೆಗ್ ಸ್ವಿಂಡೆಲ್ 501 ಸ್ಟ್ರೈಕ್‌ಔಟ್ ಪಡೆದರು. ಈ ಮೂರು ಹಂತದಲ್ಲೂ ಕೋಚ್ ಕ್ಲಿಫ್ ಗುಸ್ತಾಫ್ಸನ್.

ಒಂದು ಅಪ್ಪ-ಮಗನ ಕಥೆಯನ್ನೂ ಇಲ್ಲೇ ಹೇಳಿಬಿಡೋಣ. 1969ರಲ್ಲಿ ಟೆಕ್ಸಾಸ್ ಅಮೆರಿಕನ್ ಫುಟ್‌ಬಾಲ್ ತಂಡ ರಾಷ್ಟ್ರೀಯ ಚಾಂಪಿಯನ್ ಆದಾಗ ಕ್ವಾರ್ಟರ್‌ಬ್ಯಾಕ್ ಆಗಿದ್ದವರು ಜೇಮ್ಸ್ ಸ್ಟ್ರೀಟ್. ಅವರೇ 1970ರಲ್ಲಿ ಬೇಸ್‌ಬಾಲ್ ಮೈದಾನಕ್ಕಿಳಿದು ಟೆಕ್ಸಾಸ್ ಟೆಕ್ ವಿರುದ್ಧ ಪರ್ಫೆಕ್ಟ್ ಗೇಮ್ ಎಸೆದರು. ಅವರ ಮಗ ಹ್ಯೂಸ್ಟನ್ ಸ್ಟ್ರೀಟ್ 2002ರಲ್ಲಿ ಮೊದಲ ವರ್ಷದ ವಿದ್ಯಾರ್ಥಿ. ಅಪ್ಪ ಪಂದ್ಯವನ್ನು ಆರಂಭಿಸುವ ಪಿಚರ್, ಮಗ ಮುಗಿಸುವ ಪಿಚರ್. ಆ ವರ್ಷದ ಕಾಲೇಜ್ ವರ್ಲ್ಡ್ ಸೀರೀಸ್‌ನಲ್ಲಿ ನಾಲ್ಕು ಪಂದ್ಯಗಳ ಕೊನೆ ಕಾಪಾಡಿ, ಅತ್ಯುತ್ತಮ ಆಟಗಾರ ಅನ್ನಿಸಿಕೊಂಡರು.

ಮೂರನೇ ಬೇಸ್‌ನಿಂದ ಮೊದಲ ಬೇಸ್‌ಗೆ

2005ರಲ್ಲಿ ಆ ಪ್ರಶಸ್ತಿ ಮೂರನೇ ಬೇಸ್‌ನಲ್ಲಿ ನಿಲ್ಲುವ ಡೇವಿಡ್ ಮರೂಲ್ ಅವರಿಗೆ ಸಿಕ್ಕಿತು. ಫ್ಲೋರಿಡಾ ವಿರುದ್ಧ ಎರಡು ಪಂದ್ಯ ಗೆದ್ದು ಟೆಕ್ಸಾಸ್ ಪಟ್ಟ ಪಡೆದ ವರ್ಷ ಅದು. ಮರೂಲ್ ಬ್ಯಾಟ್ ಕೂಡ ಬೀಸಿದರು, ನಿಜ. ಆದರೆ ಅವರ ನಿಲ್ದಾಣದ ಕೆಲಸ ಎಂಥದ್ದು ಅಂತ ನೋಡೋಣ.

ಬೇಸ್‌ನಿಂದ ಬೇಸ್‌ಗೆ 27.43 ಮೀಟರ್. ನಾಲ್ಕೂ ಸೇರಿ ಚೌಕ. ಮೂರನೇ ಬೇಸ್‌ನಿಂದ ಮೊದಲ ಬೇಸ್‌ಗೆ ಕರ್ಣ, ಪೈಥಾಗರಸ್ ಪ್ರಕಾರ 38.8 ಮೀಟರ್. ಬಲಗೈ ಬ್ಯಾಟರ್ ಚೆಂಡು ಹೊಡೆದು ಮೊದಲ ಬೇಸ್ ಮುಟ್ಟಲು ಸುಮಾರು 4.3 ಸೆಕೆಂಡ್. ಅಷ್ಟರೊಳಗೆ ನೆಲಚೆಂಡು ಫೀಲ್ಡರ್ ತಲುಪಬೇಕು, ಒಂದೂವರೆ ಸೆಕೆಂಡ್ ಅನ್ನಿ. ಹಿಡಿದು, ಗ್ಲೌಸ್‌ನಿಂದ ತೆಗೆದು, ಕಾಲು ಸರಿಮಾಡಿಕೊಂಡು ಎಸೆಯಲು ಒಂದು ಸೆಕೆಂಡ್. ಸೆಕೆಂಡಿಗೆ 33 ಮೀಟರ್ ವೇಗದಲ್ಲಿ ಎಸೆದರೆ ಚೆಂಡು ಹೋಗಲು 1.2 ಸೆಕೆಂಡ್. ಒಟ್ಟು 3.7. ಉಳಿದದ್ದು 0.6 ಸೆಕೆಂಡ್. ಎರಡು ಹೆಜ್ಜೆ ಪಕ್ಕಕ್ಕೆ ಓಡಬೇಕಾದರೆ, ಚೆಂಡು ಕೈಯಲ್ಲಿ ಒಮ್ಮೆ ತಡವರಿಸಿದರೆ, ಆ ಉಳಿಕೆ ಮುಗಿಯಿತು. ಬೇಸ್‌ಬಾಲ್ ಮೈದಾನದ ಅಳತೆ ಇಷ್ಟು ಕಾಲ ಬದಲಾಗದೆ ಉಳಿದಿರುವುದಕ್ಕೆ ಈ ಚಿಕ್ಕ ಉಳಿಕೆಯೂ ಒಂದು ಕಾರಣ.

ಇದನ್ನು ಅಳೆಯುವುದು ಹೇಗೆ? ಹಳೆಯ ಅಳತೆ ಫೀಲ್ಡಿಂಗ್ ಶೇಕಡಾವಾರು. ಪುಟ್‌ಔಟ್ ಮತ್ತು ಅಸಿಸ್ಟ್ ಕೂಡಿಸಿ, ಅದನ್ನು ಪುಟ್‌ಔಟ್, ಅಸಿಸ್ಟ್, ಎರರ್ ಮೂರರ ಮೊತ್ತದಿಂದ ಭಾಗಿಸುವುದು. ಕೇಳಲು ಚೆನ್ನಾಗಿದೆ. ಆದರೆ ಒಂದು ತೂತು ಇದೆ. ಇಬ್ಬರು ಫೀಲ್ಡರ್‌ಗಳ ಕಡೆ ಒಂದೇ ರೀತಿಯ ಚೆಂಡುಗಳು ಬಂದವು ಅಂತ ಊಹಿಸಿ. ಒಬ್ಬ 500 ಚೆಂಡು ತಲುಪಿ 15 ಎರರ್ ಮಾಡಿದ, ಶೇಕಡಾ 97. ಇನ್ನೊಬ್ಬ 450 ಮಾತ್ರ ತಲುಪಿ 9 ಎರರ್ ಮಾಡಿದ, ಶೇಕಡಾ 98. ಪಟ್ಟಿಯಲ್ಲಿ ಎರಡನೆಯವನು ಮೇಲೆ. ಆದರೆ ತಂಡಕ್ಕೆ ಸಿಕ್ಕ ಔಟ್? ಮೊದಲನೆಯವನಿಂದ 485, ಎರಡನೆಯವನಿಂದ 441. ಚೆಂಡಿನ ಹತ್ತಿರಕ್ಕೇ ಹೋಗದವನಿಗೆ ಎರರ್ ಬೀಳುವುದಿಲ್ಲ. ಹೋಗಿ ತಡವರಿಸಿದವನಿಗೆ ಬೀಳುತ್ತದೆ. ಗ್ರೂಪ್ ಪ್ರಾಜೆಕ್ಟ್‌ನಲ್ಲಿ ಕೋಡ್ ಬರೆದವನ ಹೆಸರಿನಲ್ಲೇ ಎಲ್ಲ ಬಗ್ ಇರುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

25 ಇನಿಂಗ್ಸ್‌ನ ರಾತ್ರಿ

ಈಗ ನಮ್ಮ ಪಾಠದ ನಡುಮನೆಗೆ ಬರೋಣ. 2009ರ ಮೇ 30, ಡಿಶ್-ಫಾಕ್ ಫೀಲ್ಡ್. ಟೆಕ್ಸಾಸ್ ಎದುರು ಬಾಸ್ಟನ್ ಕಾಲೇಜ್. 9 ಇನಿಂಗ್ಸ್ ಮುಗಿದಾಗ 2-2. ಆಟ ಮುಂದುವರಿಯಿತು. 12 ಆಯಿತು, 15 ಆಯಿತು, 20 ಆಯಿತು. ಸಂಜೆ ಶುರುವಾದ ಪಂದ್ಯ ಏಳು ಗಂಟೆಗೂ ಹೆಚ್ಚು ನಡೆದು ಮಧ್ಯರಾತ್ರಿ ದಾಟಿತು. 25ನೇ ಇನಿಂಗ್ಸ್‌ನಲ್ಲಿ ಟ್ರಾವಿಸ್ ಟಕರ್ ಹೊಡೆದ ಹಿಟ್‌ನಿಂದ ಟೆಕ್ಸಾಸ್ 3-2ರಿಂದ ಗೆದ್ದಿತು. ಅಮೆರಿಕದ ಕಾಲೇಜು ಬೇಸ್‌ಬಾಲ್ ಇತಿಹಾಸದಲ್ಲೇ ಅತಿ ಉದ್ದದ ಪಂದ್ಯ.

ಆ ರಾತ್ರಿಯ ಹೆಸರು ಆಸ್ಟಿನ್ ವುಡ್. ಎಡಗೈ ಪಿಚರ್, ಕೊನೆಯ ವರ್ಷದ ವಿದ್ಯಾರ್ಥಿ. ಅವರ ಕೆಲಸ ಪಂದ್ಯದ ಕೊನೆಯ ಒಂದೆರಡು ಇನಿಂಗ್ಸ್ ಮುಗಿಸುವುದು. 7ನೇ ಇನಿಂಗ್ಸ್‌ನಲ್ಲಿ ಬಂದರು. ಎಸೆಯುತ್ತಲೇ ಹೋದರು. 13 ಇನಿಂಗ್ಸ್, 169 ಎಸೆತ, 14 ಸ್ಟ್ರೈಕ್‌ಔಟ್, ಒಂದೂ ಓಟ ಇಲ್ಲ. ಅದರಲ್ಲಿ ಮೊದಲ ಹನ್ನೆರಡಕ್ಕೂ ಹೆಚ್ಚು ಇನಿಂಗ್ಸ್ ಒಂದೇ ಒಂದು ಹಿಟ್ ಇಲ್ಲ. ಪೂರ್ತಿ ನೋ-ಹಿಟರ್‌ಗಿಂತ ಉದ್ದದ ನೋ-ಹಿಟರ್. ಆದರೂ ನಿಯಮದ ಪ್ರಕಾರ ಅದು ನೋ-ಹಿಟರ್ ಅಲ್ಲ, ಯಾಕಂದರೆ ಪಂದ್ಯ ಅವರದೊಬ್ಬರದಲ್ಲ. ಗೆಲುವು ಬರೆದದ್ದೂ ಅವರ ನಂತರ ಬಂದ ಆಸ್ಟಿನ್ ಡಿಕೆರಿ ಹೆಸರಿಗೆ.

ಮತ್ತೆ ಲೆಕ್ಕ. 13 ಇನಿಂಗ್ಸ್ ಅಂದರೆ 39 ಔಟ್. 14 ಸ್ಟ್ರೈಕ್‌ಔಟ್ ಕಳೆದರೆ 25. ಈ 25 ಔಟ್ ಮಾಡಿದ್ದು ಹೆಚ್ಚುಕಮ್ಮಿ ಬೆನ್ನ ಹಿಂದಿನ ಫೀಲ್ಡರ್‌ಗಳು. ನಮ್ಮ 0.3ರ ಲೆಕ್ಕದಂತೆ ಅಷ್ಟು ಚೆಂಡಿಗೆ ಸುಮಾರು 8 ಹಿಟ್ ಆಗಬೇಕಿತ್ತು. ಆದದ್ದು 2. ರಾತ್ರಿ ಹನ್ನೊಂದಕ್ಕೆ, ಕಾಲು ಸೋತ ಮೇಲೂ, ಸರಿಯಾದ ಜಾಗದಲ್ಲಿ ನಿಂತು ಚೆಂಡು ಹಿಡಿದವರು ಇದ್ದರು ಅನ್ನುವುದಕ್ಕೆ ಇದೇ ಸಾಕ್ಷಿ. ಎದುರಾಳಿಗಳೂ ಕಡಿಮೆ ಇರಲಿಲ್ಲ. ಬಾಸ್ಟನ್ ಕಾಲೇಜಿನ ಮೈಕ್ ಬೆಲ್ಫಿಯೋರ್ ಒಂಬತ್ತಕ್ಕೂ ಹೆಚ್ಚು ಇನಿಂಗ್ಸ್ ಓಟ ಕೊಡದೆ ಎಸೆದರು. ಅವರ ಕ್ಯಾಚರ್ ಟೋನಿ ಸ್ಯಾಂಚೆಜ್ 25 ಇನಿಂಗ್ಸ್ ಪೂರ್ತಿ ಕುಕ್ಕರುಗಾಲಲ್ಲಿ ಕೂತು ಎದ್ದು ಕೂತು ಹಿಡಿದರು. ಸೋತ ತಂಡದ ಕ್ಯಾಚರ್‌ನ ಮೊಣಕಾಲಿಗೆ ಯಾವ ದಾಖಲೆ?

169ರ ಬೆಲೆ

ಅಂದು ಮೈದಾನದಲ್ಲಿದ್ದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದೇಶದ ಬೇರೆಡೆ ಇನ್ನೊಂದು ಮಾತು ಶುರುವಾಯಿತು: ಇಪ್ಪತ್ತೆರಡರ ಆಸುಪಾಸಿನ ಹುಡುಗನಿಂದ ಒಂದೇ ರಾತ್ರಿ 169 ಎಸೆತ ಎಸೆಸಬಹುದೇ? ಕೋಚ್ ಆಗಿದ್ದವರು ಆಗೀ ಗರೀಡೊ. 2002 ಮತ್ತು 2005ರ ಪಟ್ಟ ಗೆಲ್ಲಿಸಿದವರು, 2016ರಲ್ಲಿ ನಿವೃತ್ತರಾಗುವಾಗ 1,975 ಗೆಲುವುಗಳ ಒಡೆಯರು. ಅನುಭವ ಇಲ್ಲದವರಲ್ಲ.

ಎಂಜಿನಿಯರಿಂಗ್ ಕಣ್ಣಿನಿಂದ ನೋಡೋಣ. ಜೋರಾಗಿ ಎಸೆಯುವಾಗ ಮೊಣಕೈಗೆ ಪಕ್ಕದಿಂದ ಬೀಳುವ ಟಾರ್ಕ್ ಸುಮಾರು 60 ನ್ಯೂಟನ್-ಮೀಟರ್ ಅಂತ ಬಯೋಮೆಕಾನಿಕ್ಸ್ ಅಳತೆಗಳು ಹೇಳುತ್ತವೆ. ಮೊಣಕೈಯಿಂದ ಅಂಗೈಗೆ 30 ಸೆಂ.ಮೀ. ಅಂತ ಹಿಡಿದರೆ, ಅಂಗೈಯಲ್ಲಿ 20 ಕೆ.ಜಿ. ತೂಕ ಜೋತುಬಿಟ್ಟು ಮೊಣಕೈಯನ್ನು ಪಕ್ಕಕ್ಕೆ ಮುರಿಯಲು ಎಳೆದಂತೆ. ಒಳಗಿನ ಸಣ್ಣ ಅಸ್ಥಿರಜ್ಜು ಒಂದೇ ತಡೆದುಕೊಳ್ಳಬಲ್ಲದ್ದು ಅದರ ಅರ್ಧದಷ್ಟು. ಹಾಗಾದರೆ ಪ್ರತಿ ಎಸೆತಕ್ಕೂ ಯಾಕೆ ಹರಿಯುವುದಿಲ್ಲ? ಸುತ್ತಲಿನ ಸ್ನಾಯುಗಳು ಉಳಿದ ಭಾರ ಹೊರುತ್ತವೆ. ಇಲ್ಲಿದೆ ತೊಡಕು. ಸ್ನಾಯು ದಣಿಯುತ್ತದೆ. ದಣಿದಷ್ಟೂ ಭಾರ ರಜ್ಜುವಿನ ಕಡೆ ಸರಿಯುತ್ತದೆ. ನಾವು ಕಟ್ಟುವ ಸೇತುವೆಗೆ ಸುರಕ್ಷತಾ ಗುಣಾಂಕ ಎರಡೋ ಮೂರೋ ಇಡುತ್ತೇವೆ. ಪಿಚರ್‌ನ ಮೊಣಕೈ ಒಂದರ ಆಸುಪಾಸಿನಲ್ಲೇ ಕೆಲಸ ಮಾಡುತ್ತದೆ, ಅದೂ ಸಾವಿರಾರು ಸಲ. ಫಟೀಗ್ ಪಾಠ ಓದಿದವರಿಗೆ ಮುಂದಿನ ಗ್ರಾಫ್ ಹೇಳಬೇಕಿಲ್ಲ. ಮೊಣಕೈಯ ಈ ರಜ್ಜುವನ್ನು ಮರುಜೋಡಿಸುವ ಶಸ್ತ್ರಚಿಕಿತ್ಸೆಯನ್ನು 1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲು ಮಾಡಿದ್ದು ಟಾಮಿ ಜಾನ್ ಅನ್ನುವ ಪಿಚರ್‌ಗೆ. ಇವತ್ತಿಗೂ ಅದು ಅವರ ಹೆಸರಲ್ಲೇ ಇದೆ.

2014ರಲ್ಲಿ ಮೇಜರ್ ಲೀಗ್ ಮತ್ತು ಯು.ಎಸ್.ಎ. ಬೇಸ್‌ಬಾಲ್ ಸೇರಿ ಪಿಚ್ ಸ್ಮಾರ್ಟ್ ಅನ್ನುವ ಮಾರ್ಗಸೂಚಿ ತಂದವು. 19ರಿಂದ 22 ವಯಸ್ಸಿನವರಿಗೆ ದಿನಕ್ಕೆ ಹೆಚ್ಚೆಂದರೆ 120 ಎಸೆತ. ವುಡ್ ಅವರ ಲೆಕ್ಕ ಅದಕ್ಕಿಂತ 49 ಹೆಚ್ಚು. ಅವರನ್ನು ಡೆಟ್ರಾಯ್ಟ್ ಟೈಗರ್ಸ್ ಆರಿಸಿಕೊಂಡಿತು, ಆದರೆ ಮೇಜರ್ ಲೀಗ್ ತನಕ ಅವರು ತಲುಪಲಿಲ್ಲ. ಅದಕ್ಕೆ ಆ ಒಂದು ರಾತ್ರಿಯೇ ಕಾರಣ ಅಂತ ಹೇಳಿದರೆ ಅದು ವಿಜ್ಞಾನ ಆಗುವುದಿಲ್ಲ. ಕಾಲೇಜಿನಲ್ಲಿ ಮಿಂಚಿದವರಲ್ಲಿ ಹೆಚ್ಚಿನವರು ಅಲ್ಲಿಗೆ ತಲುಪುವುದಿಲ್ಲ. ಆದರೆ ಭಾರ ಹಾಕಿದ್ದು ನಿಜ, ಮಿತಿ ದಾಟಿದ್ದು ನಿಜ. ಆ ಭಾರ ಹೊತ್ತದ್ದು ಚಪ್ಪಾಳೆ ತಟ್ಟಿದವರ ತೋಳಲ್ಲ. ದಣಿದ ಆಟಗಾರ ತಾನಾಗಿ ಸಾಕು ಅನ್ನುವುದಿಲ್ಲ. ಆ ಹೊತ್ತಿನಲ್ಲಿ ಅವನ ಮಾತು ಸರಿಯಾದ ಸೆನ್ಸರ್ ಅಲ್ಲ. ಹೊರಗಿನಿಂದ ಎಣಿಸುವವರು ಬೇಕು. ಎಣಿಕೆಯ ನಿಯಮ ಬಂದದ್ದು ಶೂರತನ ಕಡಿಮೆ ಮಾಡಲಿಕ್ಕಲ್ಲ, ತೀರ್ಮಾನವನ್ನು ಉತ್ಸಾಹದ ಕೈಯಿಂದ ತೆಗೆದುಕೊಳ್ಳಲಿಕ್ಕೆ.

ನಮ್ಮೂರಿನ ಒಂದು ಸಾಲು

ಈ ವಿಷಯ ನಮಗೆ ದೂರದ್ದಲ್ಲ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಅನಿಲ್ ಕುಂಬ್ಳೆ ಒಂದೇ ಇನಿಂಗ್ಸ್‌ನಲ್ಲಿ 74 ಓಟಕ್ಕೆ 10 ವಿಕೆಟ್ ಪಡೆದರು. ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದವರು. 9 ವಿಕೆಟ್ ಆದಮೇಲೆ ಇನ್ನೊಂದು ತುದಿಯಲ್ಲಿ ಎಸೆಯುತ್ತಿದ್ದವರು ಜಾವಗಲ್ ಶ್ರೀನಾಥ್, ಮೈಸೂರಿನ ಎಸ್.ಜೆ.ಸಿ.ಇ.ಯ ಎಂಜಿನಿಯರ್. ಅವರು ಬೇಕಂತಲೇ ಚೆಂಡನ್ನು ವಿಕೆಟ್‌ನಿಂದ ದೂರ ಎಸೆದರು, ಹತ್ತನೆಯದು ತನಗೆ ಬೀಳಬಾರದು ಅಂತ. ಕೊನೆಗೆ ವಾಸಿಂ ಅಕ್ರಂ ಬ್ಯಾಟಿಗೆ ತಾಗಿದ ಚೆಂಡನ್ನು ಹಿಡಿದವರು ವಿ.ವಿ.ಎಸ್. ಲಕ್ಷ್ಮಣ್. ಕುಂಬ್ಳೆ ಪಾಲು ಬೆಟ್ಟದಷ್ಟು, ಅನುಮಾನ ಇಲ್ಲ. ಆದರೆ ಶ್ರೀನಾಥ್ ಅವರ ಆ ಓವರ್ ಅಂಕಪಟ್ಟಿಯಲ್ಲಿ ವಿಕೆಟ್ ಇಲ್ಲದ ಓವರ್ ಮಾತ್ರ.

ಕೂಡಿಸಿ ನೋಡಿದರೆ

ಟೆಕ್ಸಾಸ್ ತಂಡದ ಈ ಪುಟಗಳಿಂದ ನಾವು ಎತ್ತಿಕೊಳ್ಳಬಹುದಾದದ್ದು ಇಷ್ಟು. ಒಂದು, ಸಂಖ್ಯೆಯನ್ನು ಅದರ ಕಾಲ, ಬ್ಯಾಟ್, ಮೈದಾನ ಜೊತೆಗಿಟ್ಟೇ ಓದಬೇಕು. ಎರಡು, ಫೀಲ್ಡಿಂಗ್‌ನಂಥ ಕೆಲಸವನ್ನು ತಪ್ಪುಗಳಿಂದ ಮಾತ್ರ ಅಳೆದರೆ ಪ್ರಯತ್ನಿಸದವನೇ ಗೆಲ್ಲುತ್ತಾನೆ. ಮೂರು, ದಾಖಲೆ ಒಬ್ಬನದು ಅನ್ನಿಸಿದರೂ ಅದರಲ್ಲಿ ಹಲವರ ಕೈ ಇರುತ್ತದೆ, ಆದರೆ ನೋವು ಮಾತ್ರ ಒಬ್ಬನ ಮೊಣಕೈಯಲ್ಲೇ ಉಳಿಯಬಹುದು. ಮುಂದೆ ನಮ್ಮಲ್ಲಿ ಹಲವರು ತಂಡ ನಡೆಸುವವರಾಗುತ್ತೇವೆ. ರಾತ್ರಿಯಿಡೀ ಕೂತು ಕೆಲಸ ಮುಗಿಸಿದವರಿಗೆ ಚಪ್ಪಾಳೆ ತಟ್ಟುವ ಸರದಿ ಬಂದಾಗ, ಎಸೆತ ಎಣಿಸುವ ಕೆಲಸವೂ ನಮ್ಮದೇ ಅನ್ನುವುದು ನೆನಪಿರಲಿ.

ಅಭ್ಯಾಸಕ್ಕೆ ಮೂರು ಪ್ರಶ್ನೆ. ಹಿಟ್ ಸಂಭವನೀಯತೆ 0.3ರ ಬದಲು 0.25 ಆದರೆ, 9 ಸ್ಟ್ರೈಕ್‌ಔಟ್‌ನ ನೋ-ಹಿಟರ್ ಎಷ್ಟಕ್ಕೆ ಒಂದು? ಮೂರನೇ ಬೇಸ್‌ನಿಂದ ಎಸೆತದ ವೇಗ ಸೆಕೆಂಡಿಗೆ 28 ಮೀಟರ್‌ಗೆ ಇಳಿದರೆ ಫೀಲ್ಡರ್ ಕೈಯಲ್ಲಿ ಉಳಿಯುವ ಸಮಯ ಎಷ್ಟು? ಮತ್ತು ನಮ್ಮ ಕಾಲೇಜು ಕ್ರಿಕೆಟ್ ತಂಡಕ್ಕೆ ಫೀಲ್ಡಿಂಗ್ ಅಳೆಯುವ ಒಂದು ಹೊಸ ಅಂಕಿಯನ್ನು ನೀವೇ ಕಟ್ಟುವುದಾದರೆ, ಹಿಡಿದ ಕ್ಯಾಚ್ ಬಿಟ್ಟು ಇನ್ನೇನನ್ನು ಎಣಿಸುತ್ತೀರಿ? ಮೊದಲೆರಡಕ್ಕೆ ಕ್ಯಾಲ್ಕುಲೇಟರ್ ಸಾಕು. ಮೂರನೆಯದಕ್ಕೆ ಒಂದು ಸಂಜೆ ಬೌಂಡರಿ ಗೆರೆಯ ಹತ್ತಿರ ಕೂತು ಆಟ ನೋಡಬೇಕಾಗುತ್ತದೆ.